ಊರಿನ ತಂಡ, ಪರವೂರಿನ ಆಟಗಾರರು

ಫುಟ್‌ಬಾಲ್ ಪಂದ್ಯದ ವರದಿಯನ್ನು ಕೇಳುವಾಗ ‘ನಮ್ಮವರು ಗೆದ್ದರು’, ‘ನಮ್ಮವರು ಸೋತರು’ ಎಂದು ನಾವೆಲ್ಲರೂ ಅನ್ನುತ್ತೇವೆ. ಈ ‘ನಮ್ಮವರು’ ಯಾರು? ತಂಡದ ಹೆಸರಿನಲ್ಲಿ ನಮ್ಮ ಊರಿನ ಹೆಸರಿದೆ, ನಿಜ. ಆದರೆ ಮೈದಾನಕ್ಕಿಳಿಯುವ ಹನ್ನೊಂದು ಮಂದಿಯಲ್ಲಿ ಒಬ್ಬರು ಮಣಿಪುರದವರು, ಒಬ್ಬರು ಪಂಜಾಬಿನವರು, ಒಬ್ಬರು ಕೇರಳದವರು, ಇನ್ನೊಬ್ಬರು ದೂರದ ಸ್ಪೇನ್ ದೇಶದವರು. ಹೋದ ವರ್ಷ ಆಡಿದವರು ಈ ವರ್ಷ ಇಲ್ಲ. ಈ ವರ್ಷ ಆಡುವವರು ಮುಂದಿನ ವರ್ಷ ಎದುರಾಳಿಯ ಅಂಗಿ ತೊಟ್ಟು ಬಂದರೂ ಆಶ್ಚರ್ಯವಿಲ್ಲ. ಹೀಗಿರುವಾಗ ಆ ತಂಡ ಊರಿನದು ಹೇಗಾಯಿತು?

ಮಲೆನಾಡಿನ ಕೇಳುಗರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವ ಹಾದಿಯಲ್ಲಿ, ಕೆರೆಕಟ್ಟೆಯಂಥ ಊರಿನಲ್ಲಿ ಯಾರನ್ನಾದರೂ ಯಕ್ಷಗಾನದ ಮೇಳವೆಂದರೇನು ಎಂದು ಕೇಳಿ ನೋಡಿ. ಮೇಳದ ಹೆಸರು ಸ್ಥಿರ, ಕಲಾವಿದರು ಸ್ಥಿರರಲ್ಲ. ದೀಪಾವಳಿಯ ಹೊತ್ತಿಗೆ ಹೊರಟ ಮೇಳ ಮಳೆಗಾಲ ಹಿಡಿಯುವ ಮುನ್ನ ತಿರುಗಾಟ ಮುಗಿಸುತ್ತದೆ. ಆಮೇಲೆ ಮಾತುಕತೆ ಆರಂಭವಾಗುತ್ತದೆ. ಈ ವರ್ಷ ಇಲ್ಲಿ ಗೆಜ್ಜೆ ಕಟ್ಟಿದ ವೇಷಧಾರಿ ಮರುವರ್ಷ ಇನ್ನೊಂದು ಮೇಳದ ಚೌಕಿಯಲ್ಲಿ ಬಣ್ಣ ಹಚ್ಚುತ್ತಾನೆ. ಪ್ರೇಕ್ಷಕರು ಇದನ್ನು ದ್ರೋಹವೆಂದು ಬಗೆಯುವುದಿಲ್ಲ. ವೃತ್ತಿಯ ರೀತಿಯೇ ಹಾಗೆ. ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಒಳವ್ಯವಹಾರವೂ ಬಹುಮಟ್ಟಿಗೆ ಇದೇ. ಅಲ್ಲಿಯೂ ಕರಾರು, ಸಂಬಳ, ತಿರುಗಾಟ. ಮಳೆ ಹಿಂದಾದ ಮೇಲೆ ಆರಂಭವಾಗಿ ಬೇಸಗೆಯಲ್ಲಿ ಮುಗಿಯುವ ಆಟದ ಸಾಲು.

ನಮ್ಮ ರಾಜ್ಯದಲ್ಲಿ ಇಂಥ ಕ್ಲಬ್ಬು ಎಂದೊಡನೆ ನೆನಪಾಗುವುದು ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಅದರ ಆಟಗಾರರು ಯಾರು, ಅವರು ಹೇಗೆ ಬಂದರು, ಅವರಲ್ಲಿ ನಮ್ಮ ನಾಡಿನ ಹುಡುಗರು ಎಷ್ಟು ಎಂಬುದನ್ನು ನೋಡಬೇಕಾದರೆ, ಮೊದಲು ಅದಕ್ಕಿಂತ ಹಿಂದಿನ ಆಟಗಾರರ ಕಥೆಯನ್ನು ತಿಳಿಯಬೇಕು. ಏಕೆಂದರೆ ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ೨೦೧೩ರಲ್ಲಲ್ಲ. ಅದಕ್ಕೆ ಎಷ್ಟೋ ದಶಕಗಳ ಮೊದಲು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಚೆಂಡಾಡುತ್ತಿದ್ದ ಕಾಲ. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಸುತ್ತಲ ಕೇರಿಗಳ ಹುಡುಗರು ಆಟವನ್ನು ಕಣ್ಣಿನಲ್ಲೇ ಕಲಿತರು. ಆಮೇಲೆ ಬರಿಗಾಲಿನಲ್ಲಿ ಆಡಿ ಬೂಟು ತೊಟ್ಟವರನ್ನೇ ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ಪು ೧೮೯೧ರಲ್ಲಿ ಆರಂಭವಾದ ಹಳೆಯ ಪಂದ್ಯಾವಳಿ. ನಾಲ್ಕು ದಶಕಗಳಿಗೂ ಮೀರಿ ಅದು ಸೈನ್ಯದ ಪಡೆಗಳ ಕೈಯಲ್ಲಿಯೇ ಇತ್ತು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತು. ಅಂದು ಅವರು ಮಣಿಸಿದ್ದು ಕಲ್ಕತ್ತೆಯ ಹೆಸರಾಂತ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಅವರೇ ಮತ್ತೆ ಗೆದ್ದರು. ೧೯೪೮ರಲ್ಲಿ ಮೂರನೆಯ ಸಲ ಗೆದ್ದರು. ಈ ಆಟಗಾರರು ಊರಿನ ಮಕ್ಕಳು. ಯಾರೂ ಅವರನ್ನು ಕರಾರು ಬರೆಸಿಕೊಂಡು ತಂದಿರಲಿಲ್ಲ.

ಅಂತರ ಪ್ರಾಂತ ಪಂದ್ಯಗಳ ಸಂತೋಷ್ ಟ್ರೋಫಿಯಲ್ಲಿಯೂ ಮೈಸೂರಿನ ಹೆಸರು ದೊಡ್ಡದು. ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯, ಹೀಗೆ ನಾಲ್ಕು ಬಾರಿ ಮೈಸೂರು ಆ ಪಾರಿತೋಷಕವನ್ನು ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ ಎಂಬುದನ್ನು ಗಮನಿಸಬೇಕು. ಫುಟ್‌ಬಾಲ್ ಎಂದರೆ ಬಂಗಾಳ ಎನ್ನುತ್ತಿದ್ದ ಕಾಲದಲ್ಲಿ ಅದು ಸಣ್ಣ ಸಾಧನೆಯಲ್ಲ.

೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ೨-೧ರಿಂದ ಗೆದ್ದಿತು. ಎರಡನೆಯ ಗೋಲು ಬಂದದ್ದು ಆಟ ಇನ್ನೇನು ಮುಗಿಯಿತು ಎನ್ನುವಾಗ. ಸಿಕ್ಕಿದ ಎರಡು ಪೆನಾಲ್ಟಿಗಳನ್ನು ಭಾರತ ಕಳೆದುಕೊಂಡಿತ್ತು. ಭಾರತದ ಆ ಒಂದೇ ಗೋಲನ್ನು, ಒಲಿಂಪಿಕ್ ಫುಟ್‌ಬಾಲಿನಲ್ಲಿ ನಮ್ಮ ದೇಶದ ಮೊತ್ತಮೊದಲ ಗೋಲನ್ನು, ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್.

ಅದೇ ತಂಡದಲ್ಲಿ ಬೆಂಗಳೂರಿನ ಇನ್ನೊಬ್ಬ ತರುಣರಿದ್ದರು: ಅಹಮದ್ ಖಾನ್. ಸಹೋದರರೂ ಆಟಗಾರರಾಗಿದ್ದ ಮನೆತನ ಅವರದು. ಚೆಂಡು ಅವರ ಕಾಲಿಗೆ ಅಂಟಿಕೊಂಡೇ ಇರುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು. ಹಾವಾಡಿಗನೆಂದು ಅವರಿಗೆ ಅಡ್ಡಹೆಸರೇ ಬಂದಿತು. ೧೯೫೧ರ ದಿಲ್ಲಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಭಾರತವನ್ನು ೧೦-೧ರಿಂದ ಸೋಲಿಸಿದಾಗ ನಮ್ಮ ಪಾಲಿನ ಆ ಒಂದು ಗೋಲನ್ನು ಹೊಡೆದವರೂ ಅವರೇ. ಆ ಸೋಲಿನ ನಂತರವೇ ನಮ್ಮ ದೇಶದಲ್ಲಿ ಬೂಟು ತೊಟ್ಟು ಆಡುವುದು ಕಡ್ಡಾಯವಾಯಿತು.

ಆದರೆ ಅಹಮದ್ ಖಾನರ ಆಟವನ್ನು ಹೆಚ್ಚು ಕಾಲ ಸವಿದವರು ಬೆಂಗಳೂರಿನವರಲ್ಲ, ಕಲ್ಕತ್ತೆಯವರು. ೧೯೪೯ರಲ್ಲಿ ಅವರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್ ಸೇರಿದ ದಕ್ಷಿಣದ ಐವರ ಮುಂಬದಿ ಸಾಲಿಗೆ ಅಲ್ಲಿನ ಜನ ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಆ ಕಾಲದ ಆಟದಲ್ಲಿ ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ರಚನೆಯಿತ್ತು. ಆ ಐದು ಸ್ಥಾನಗಳಿಗೂ ದಕ್ಷಿಣದವರೇ ನಿಂತಿದ್ದರು. ೧೯೪೯, ೧೯೫೦, ೧೯೫೧ರಲ್ಲಿ ಕ್ಲಬ್ಬು ಸತತವಾಗಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು.

ಅಹಮದ್ ಖಾನರೊಬ್ಬರೇ ಹೋದವರಲ್ಲ. ೧೯೫೬ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿಯೂ, ೧೯೬೦ರ ರೋಮ್ ಒಲಿಂಪಿಕ್ಸ್ ತಂಡದಲ್ಲಿಯೂ ಇದ್ದ ಕೆಂಪಯ್ಯನವರು ಕಲ್ಕತ್ತೆಯ ಮೋಹನ್ ಬಗಾನಿನಲ್ಲಿ ಆಡಿದರು. ೧೯೬೨ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಅವರೂ ಬೆಂಗಳೂರಿನಿಂದ ಮೋಹನ್ ಬಗಾನಿಗೆ ಹೋದವರು. ೧೯೭೦ರ ದಶಕದಲ್ಲಿ ಉಲಗನಾಥನ್ ಅದೇ ಹಾದಿ ಹಿಡಿದರು. ಕಲ್ಕತ್ತೆಯಲ್ಲಿ ವರ್ಷವರ್ಷವೂ ನಡೆಯುವ ದೊಡ್ಡ ಲೀಗಿತ್ತು. ಟಿಕೀಟು ಕೊಂಡು ಬರುವ ಸಾವಿರಾರು ಜನರಿದ್ದರು. ಆಟಗಾರನ ಊಟ ವಸತಿಗೂ ಕೈಖರ್ಚಿಗೂ ದುಡ್ಡು ಕೊಡಬಲ್ಲ ಕ್ಲಬ್ಬುಗಳಿದ್ದವು. ಬೆಂಗಳೂರಿನಲ್ಲಿ ಆಟವಿತ್ತು, ಆಟಗಾರರಿದ್ದರು. ಆಟದಿಂದಲೇ ಬದುಕುವ ದಾರಿ ಇರಲಿಲ್ಲ. ಹಾಗಾಗಿ ಊರಿನ ಅತ್ಯುತ್ತಮ ಆಟಗಾರರು ಪರವೂರಿನ ತಂಡದಲ್ಲಿ ‘ನಮ್ಮವರು’ ಎನಿಸಿಕೊಂಡರು. ಇಂದು ಮಣಿಪುರದ ಹುಡುಗ ಬೆಂಗಳೂರಿನಲ್ಲಿ ಆಡುವುದನ್ನು ಕಂಡು ಹುಬ್ಬೇರಿಸುವವರು ಈ ಹಳೆಯ ಲೆಕ್ಕವನ್ನು ಮರೆಯಬಾರದು.

ಊರಿನಲ್ಲಿ ಉಳಿದವರಿಗೆ ಇನ್ನೊಂದು ಆಶ್ರಯ ಸಿಕ್ಕಿತು: ಕಾರ್ಖಾನೆ. ೧೯೪೦ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ ಬೆಂಗಳೂರಿನಲ್ಲಿ ತಲೆಯೆತ್ತಿದವು. ಇವು ಎಚ್.ಎ.ಎಲ್., ಐ.ಟಿ.ಐ. ಎಂಬ ಹೆಸರಿನಲ್ಲಿ ಫುಟ್‌ಬಾಲ್ ತಂಡಗಳನ್ನು ಕಟ್ಟಿದವು. ಸೈನ್ಯದ ಎಂ.ಇ.ಜಿ. ಮತ್ತು ಎ.ಎಸ್.ಸಿ. ಕೇಂದ್ರಗಳ ತಂಡಗಳೂ ಇದ್ದವು. ಇಲ್ಲಿನ ಏರ್ಪಾಡು ಕಲ್ಕತ್ತೆಯದಕ್ಕಿಂತ ಬೇರೆ. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆ ನೌಕರಿ ಕೊಡುತ್ತದೆ. ಅವನು ನೌಕರನಾಗಿಯೇ ಆಡುತ್ತಾನೆ. ಅಭ್ಯಾಸಕ್ಕೂ ಪಂದ್ಯಕ್ಕೂ ರಜೆ ಸಿಗುತ್ತದೆ. ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ ಕಾಲು ಸೋತಾಗ ಅವನು ಬೂಟು ಬಿಚ್ಚಿಟ್ಟು ಯಂತ್ರದ ಮುಂದೆಯೋ ಮೇಜಿನ ಮುಂದೆಯೋ ಕೂರುತ್ತಾನೆ. ನಿವೃತ್ತಿಯವರೆಗೂ ಸಂಬಳ ಬರುತ್ತದೆ. ಆಟ ಹತ್ತು ವರ್ಷದ್ದು, ಅನ್ನ ಮೂವತ್ತು ವರ್ಷದ್ದು.

ಈ ವ್ಯವಸ್ಥೆಯ ಗುಣವೂ ಮಿತಿಯೂ ಒಂದೇ ಕಡೆ ಇದ್ದವು. ತಾಯಿತಂದೆಯರು ಮಗನನ್ನು ಧೈರ್ಯವಾಗಿ ಮೈದಾನಕ್ಕೆ ಕಳಿಸಿದರು, ಏಕೆಂದರೆ ಮೈದಾನದ ಆಚೆ ಕಾರ್ಖಾನೆಯ ಬಾಗಿಲು ಕಾಣುತ್ತಿತ್ತು. ಆದರೆ ದಿನದ ಅರ್ಧವನ್ನು ಕೆಲಸಕ್ಕೆ ಕೊಟ್ಟು ಉಳಿದರ್ಧದಲ್ಲಿ ಆಡುವ ತಂಡ, ದಿನವೆಲ್ಲ ಆಟವನ್ನೇ ಅಭ್ಯಾಸ ಮಾಡುವ ತಂಡಕ್ಕೆ ಬಹಳ ಕಾಲ ಸರಿಸಾಟಿಯಾಗಿ ನಿಲ್ಲುವುದು ಕಷ್ಟ. ೧೯೯೬ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಆರಂಭವಾದಾಗ ಇದು ಬೆಳಕಿಗೆ ಬಂದಿತು. ಐ.ಟಿ.ಐ. ತಂಡ ಆ ದಶಕದಲ್ಲಿ ಲೀಗಿನಲ್ಲಿ ಆಡಿತು. ೨೦೦೭ರಲ್ಲಿ ಅದರ ಸ್ಥಾನಕ್ಕೆ ಬಂದ ಐ-ಲೀಗಿನಲ್ಲಿ ಎಚ್.ಎ.ಎಲ್. ತಂಡ ೨೦೧೦ರಿಂದ ೨೦೧೨ರವರೆಗೆ ಎರಡು ಸಾಲು ಆಡಿ ಕೆಳಗಿಳಿಯಿತು. ಅತ್ತ ಬೆಂಗಳೂರಿನ ಪ್ರತಿಭೆ ಎಂದಿನಂತೆ ಹೊರಗೆ ಬೆಳಗುತ್ತಿತ್ತು. ಕಾರ್ಲ್‌ಟನ್ ಚಾಪ್‌ಮನ್ ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು, ೧೯೯೩ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಮೊದಲ ನ್ಯಾಷನಲ್ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ತಂಡದಲ್ಲಿ ಅವರಿದ್ದರು, ೨೦೦೦-೦೧ರಲ್ಲಿ ಲೀಗ್ ಗೆದ್ದ ಈಸ್ಟ್ ಬೆಂಗಾಲಿಗೆ ಅವರೇ ನಾಯಕರು. ೨೦೨೦ರ ಅಕ್ಟೋಬರಿನಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಬೆಂಗಳೂರಿನವರೇ ಆದ ಷಣ್ಮುಗಂ ವೆಂಕಟೇಶ್ ಮುಂಬಯಿಯ ಮಹೀಂದ್ರ ಯುನೈಟೆಡ್ ಪರ ಆಡಿ ಭಾರತ ತಂಡದ ನಾಯಕರೂ ಆದರು. ಇವರಾರಿಗೂ ತಮ್ಮ ಪ್ರಾಯದ ದಿನಗಳಲ್ಲಿ ತವರೂರಿನ ವೃತ್ತಿಪರ ತಂಡದಲ್ಲಿ ಆಡುವ ಭಾಗ್ಯವಿರಲಿಲ್ಲ. ಅಂಥ ತಂಡವೇ ಇರಲಿಲ್ಲ.

೨೦೧೩ರ ಜುಲೈಯಲ್ಲಿ ಆ ಕೊರತೆ ತುಂಬಿತು. ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯು. ಸಮೂಹ ಬೆಂಗಳೂರು ಎಫ್.ಸಿ.ಯನ್ನು ಸ್ಥಾಪಿಸಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರರು; ಸುನಿಲ್ ಛೇತ್ರಿ ನಾಯಕರು. ಹುಟ್ಟಿದ ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ ೨೨ರಂದು, ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹೊಸ ತಂಡ ಮೋಹನ್ ಬಗಾನನ್ನು ಎದುರಿಸಿ ೧-೧ರಿಂದ ಸಮ ಮಾಡಿಕೊಂಡಿತು. ಕ್ಲಬ್ಬಿನ ಮೊದಲ ಗೋಲು ಆಸ್ಟ್ರೇಲಿಯಾದ ಶಾನ್ ರೂನಿಯವರದು. ಕೇರಳದ ರಿನೋ ಆಂಟೊ, ಮಣಿಪುರದ ಥೋಯಿ ಸಿಂಗ್, ಇಂಗ್ಲೆಂಡಿನ ಜಾನ್ ಜಾನ್‌ಸನ್, ಕೀನ್ಯಾದ ಕರ್ಟಿಸ್ ಒಸಾನೊ ಮೊದಲಾದವರು ಆ ಮೊದಲ ಸಾಲಿನವರು. ೨೦೧೪ರ ಏಪ್ರಿಲ್ ೨೧ರಂದು ಗೋವೆಯಲ್ಲಿ ಡೆಂಪೊ ತಂಡವನ್ನು ೪-೨ರಿಂದ ಸೋಲಿಸಿದಾಗ ಮೊದಲ ವರ್ಷವೇ ಐ-ಲೀಗ್ ಕೈಸೇರಿತು. ೨೦೧೫ರಲ್ಲಿ ಫೆಡರೇಷನ್ ಕಪ್, ೨೦೧೫-೧೬ರಲ್ಲಿ ಮತ್ತೆ ಐ-ಲೀಗ್ ಬಂದವು.

ಇಂಥ ತಂಡವನ್ನು ಕಟ್ಟುವ ಬಗೆ ಹೇಗೆ? ಆಟಗಾರನೊಡನೆ ಕ್ಲಬ್ಬು ಸಾಮಾನ್ಯವಾಗಿ ಒಂದರಿಂದ ಮೂರು ನಾಲ್ಕು ವರ್ಷಗಳ ಕರಾರು ಮಾಡಿಕೊಳ್ಳುತ್ತದೆ. ಕರಾರು ಮುಗಿದ ಆಟಗಾರ ಸ್ವತಂತ್ರ. ತನಗೆ ಬೇಕಾದಲ್ಲಿಗೆ ಹೋಗಬಹುದು. ಕರಾರಿನ ನಡುವೆಯೇ ಹೋಗಬೇಕಾದರೆ ಅವನನ್ನು ಕರೆದೊಯ್ಯುವ ಕ್ಲಬ್ಬು ಹಳೆಯ ಕ್ಲಬ್ಬಿಗೆ ಬೆಲೆ ತೆರಬೇಕು. ಈ ಅದಲುಬದಲು ವರ್ಷವಿಡೀ ನಡೆಯುವುದಿಲ್ಲ. ಅದಕ್ಕೆಂದೇ ವರ್ಷದಲ್ಲಿ ಎರಡು ಅವಧಿಗಳು ಗೊತ್ತಾಗಿವೆ. ಕೆಲವೊಮ್ಮೆ ಕ್ಲಬ್ಬು ತನ್ನ ಆಟಗಾರನನ್ನು ಸ್ವಲ್ಪ ಕಾಲಕ್ಕೆ ಇನ್ನೊಂದು ತಂಡಕ್ಕೆ ಎರವಲು ಕೊಡುವುದೂ ಉಂಟು. ಹೊರದೇಶದವರ ಸಂಖ್ಯೆಗೆ ಮಿತಿಯಿದೆ. ೨೦೨೧-೨೨ರಿಂದ ಇಂಡಿಯನ್ ಸೂಪರ್ ಲೀಗಿನಲ್ಲಿ ಒಂದು ತಂಡದ ಪರ ಒಂದೇ ಸಮಯಕ್ಕೆ ಮೈದಾನದಲ್ಲಿ ನಾಲ್ವರಿಗಿಂತ ಹೆಚ್ಚು ಪರದೇಶೀಯರು ಇರಕೂಡದು. ಉಳಿದ ಏಳು ಸ್ಥಾನಗಳು ಭಾರತೀಯರಿಗೆ. ಆದರೆ ಅವರು ಆ ಊರಿನವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಕ್ಲಬ್ಬಿನ ಆಟಗಾರರು ಕಂಡ ಏಳುಬೀಳುಗಳಲ್ಲಿ ಮೂರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ೨೦೧೬ರ ಅಕ್ಟೋಬರ್ ೧೯ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷಿಯಾದ ಜೊಹೋರ್ ತಂಡವನ್ನು ೩-೧ರಿಂದ ಸೋಲಿಸಿದ ಬೆಂಗಳೂರು, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ಬಾಯಿತು. ಅಂದು ಎರಡು ಗೋಲು ಛೇತ್ರಿಯವರದು, ಒಂದು ಸ್ಪೇನಿನ ಹ್ವಾನನ್ ಅವರದು. ನವೆಂಬರಿನಲ್ಲಿ ದೋಹಾ ನಗರದಲ್ಲಿ ನಡೆದ ಅಂತಿಮ ಪಂದ್ಯವನ್ನು ಇರಾಕಿನ ವಾಯುಪಡೆಯ ತಂಡ ಒಂದೇ ಗೋಲಿನಿಂದ ಗೆದ್ದಿತು.

ಎರಡನೆಯದು ೨೦೧೮ರ ಮಾರ್ಚ್ ೧೭. ಸೂಪರ್ ಲೀಗಿಗೆ ಬಂದ ಮೊದಲ ವರ್ಷವೇ ಬೆಂಗಳೂರು ೪೦ ಅಂಕ ಗಳಿಸಿ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತ್ತು. ವೆನೆಜುವೆಲಾದ ಮೀಕು ಒಬ್ಬರೇ ಆ ಸಾಲಿನಲ್ಲಿ ೧೫ ಗೋಲು ಹೊಡೆದಿದ್ದರು. ಅಂತಿಮ ಪಂದ್ಯ ತವರಿನ ಕಂಠೀರವದಲ್ಲೇ. ಮೊದಲ ಗೋಲೂ ಛೇತ್ರಿಯವರದೇ. ಆದರೂ ಚೆನ್ನೈ ತಂಡ ೩-೨ರಿಂದ ಗೆದ್ದುಬಿಟ್ಟಿತು. ಮೂರನೆಯದು ಸರಿಯಾಗಿ ಒಂದು ವರ್ಷದ ಮೇಲೆ, ೨೦೧೯ರ ಮಾರ್ಚ್ ೧೭ರಂದು, ಮುಂಬಯಿಯಲ್ಲಿ. ಗೋವೆಯ ವಿರುದ್ಧ ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದು ೧೧೭ನೆಯ ನಿಮಿಷದಲ್ಲಿ ಮೂಲೆಯಿಂದ ಡಿಮಾಸ್ ಡೆಲ್ಗಾಡೊ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟರು. ಭೇಕೆ ಮುಂಬಯಿಯವರು, ಆಟದಲ್ಲಿ ಹಿಂಬದಿಯ ರಕ್ಷಕರು, ಡೆಲ್ಗಾಡೊ ಸ್ಪೇನಿನವರು. ಆ ಗೋಲಿಗೆ ಕುಣಿದದ್ದು ಬೆಂಗಳೂರು.

ಹೊರಗಿನಿಂದ ಬಂದವನು ಊರಿನವನಾಗುವುದು ಹೇಗೆಂಬುದಕ್ಕೆ ಛೇತ್ರಿಯವರೇ ನಿದರ್ಶನ. ೧೯೮೪ರ ಆಗಸ್ಟ್ ೩ರಂದು ಸಿಕಂದರಾಬಾದಿನಲ್ಲಿ ಹುಟ್ಟಿದ ಅವರು ಸೈನಿಕರ ಮಗ. ಮೋಹನ್ ಬಗಾನ್, ಜೆ.ಸಿ.ಟಿ., ಈಸ್ಟ್ ಬೆಂಗಾಲ್ ಮೊದಲಾದ ತಂಡಗಳನ್ನು ಕಂಡು, ೨೦೧೩ರಲ್ಲಿ ಬೆಂಗಳೂರಿಗೆ ಬಂದರು. ಎರಡು ಸಾಲುಗಳಲ್ಲಿ ಸೂಪರ್ ಲೀಗಿನ ಮುಂಬಯಿ ತಂಡಕ್ಕೆ ಆಡಿದ್ದನ್ನು ಬಿಟ್ಟರೆ ಮತ್ತೆ ಬೇರೆಡೆ ನೆಲೆಸಲಿಲ್ಲ. ೨೦೨೪ರ ಜೂನ್ ೬ರಂದು ಕಲ್ಕತ್ತೆಯಲ್ಲಿ ಕುವೈತಿನ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದರು. ೨೦೨೫ರ ಮಾರ್ಚಿಯಲ್ಲಿ ತಂಡ ಮತ್ತೆ ಕರೆದಾಗ ಮರಳಿದರು. ನಡುವೆ ೨೦೨೪ರ ಡಿಸೆಂಬರಿನಲ್ಲಿ, ನಲವತ್ತರ ವಯಸ್ಸಿನಲ್ಲಿ, ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದರು. ೨೦೨೪-೨೫ರ ಸಾಲಿನಲ್ಲಿ ಅವರ ಒಟ್ಟು ಗೋಲು ೧೪. ಲೀಗಿನ ಭಾರತೀಯರಲ್ಲಿ ಅವರಷ್ಟು ಹೊಡೆದವರು ಇನ್ನೊಬ್ಬರಿಲ್ಲ. ನಾರ್ವೆಯ ಕ್ಲಬ್ಬೊಂದರಲ್ಲಿ ಆಡಿ ೨೦೧೭ರಲ್ಲಿ ಬಂದ ಪಂಜಾಬಿನ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕೂಡ ಹೀಗೆಯೇ ವರ್ಷಗಟ್ಟಲೆ ನಿಂತವರು. ಹುಟ್ಟಿದ ಊರಿಗಿಂತ ಉಳಿದ ವರ್ಷಗಳು ಆಟಗಾರನನ್ನು ‘ನಮ್ಮವನು’ ಮಾಡುತ್ತವೆ ಎಂಬುದು ಇವರಿಂದ ತಿಳಿಯುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಊರಿನ ಹುಡುಗರ ಗತಿಯೇನು? ಬೆಂಗಳೂರಿನ ಗೌತಮಪುರದಂಥ ಕೇರಿಗಳಲ್ಲಿ ಫುಟ್‌ಬಾಲ್ ತಲೆಮಾರುಗಳಿಂದ ಬಂದ ಆಟ. ಅಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮೊದಲ ವರ್ಷಗಳ ಬೆಂಗಳೂರು ಎಫ್.ಸಿ.ಯಲ್ಲಿ ಶಂಕರ್ ಸಂಪಂಗಿರಾಜ್ ಅವರಂಥ ಊರಿನ ಹುಡುಗರು ಇದ್ದರೇನೋ ನಿಜ. ಆದರೆ ಗೆದ್ದ ತಂಡಗಳ ಹನ್ನೊಂದು ಹೆಸರುಗಳನ್ನು ಓದುವಾಗ ಅಂಥ ಹೆಸರು ಬಂದದ್ದು ವಿರಳ. ಕ್ಲಬ್ಬಿನ ತಪ್ಪು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಪಂದ್ಯ ಗೆಲ್ಲಲೇಬೇಕಾದ ತರಬೇತುದಾರ ಸಿದ್ಧವಾದ ಆಟಗಾರನನ್ನು ಹುಡುಕುತ್ತಾನೆ. ಎಳೆಯನನ್ನು ಸಿದ್ಧಮಾಡಲು ಏಳೆಂಟು ವರ್ಷ ಬೇಕು. ತರಬೇತುದಾರನ ಕರಾರು ಎರಡು ವರ್ಷದ್ದು.

ಇನ್ನು ಮನೆಯವರ ಲೆಕ್ಕ. ಕೆರೆಕಟ್ಟೆಯಿಂದ ಬೆಂಗಳೂರು ೩೦೦ ಕಿಲೋಮೀಟರಿಗೂ ದೂರ. ಅಲ್ಲಿನ ಒಬ್ಬ ಹುಡುಗ ಶಾಲೆಯ ಮೈದಾನದಲ್ಲಿ ಚೆನ್ನಾಗಿ ಆಡುತ್ತಾನೆಂದು ಇಟ್ಟುಕೊಳ್ಳೋಣ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಅವನ ಮೈದಾನವನ್ನು ಕಸಿದುಕೊಳ್ಳುತ್ತದೆ. ಉಳಿದ ತಿಂಗಳುಗಳಲ್ಲಿ ತಾಲ್ಲೂಕು, ಜಿಲ್ಲೆ ಎಂದು ಮೇಲೇರಿ, ಹದಿಮೂರು ಹದಿನಾಲ್ಕರ ಹೊತ್ತಿಗೆ ಯಾವುದಾದರೂ ಅಕಾಡೆಮಿಯವರ ಕಣ್ಣಿಗೆ ಬಿದ್ದರೆ ದಾರಿ ತೆರೆಯುತ್ತದೆ. ಬೀಳದಿದ್ದರೆ? ಬಿದ್ದೂ ಮಂಡಿಗೆ ಪೆಟ್ಟಾದರೆ? ಹಿಂದೆ ತಂದೆಗೆ ಕಾರ್ಖಾನೆಯ ನೌಕರಿಯ ಭರವಸೆಯಿತ್ತು. ಕರಾರಿನ ಆಟದಲ್ಲಿ ಹಣ ಹೆಚ್ಚು, ಭರವಸೆ ಕಡಮೆ. ಅದೂ ಎಷ್ಟು ಕಡಮೆ ಎಂಬುದನ್ನು ೨೦೨೫ ತೋರಿಸಿಕೊಟ್ಟಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗನ್ನು ನಡೆಸುವವರಿಗೂ ಇದ್ದ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯಲಿತ್ತು. ಅದರ ಮುಂದಿನ ಗತಿ ತೀರ್ಮಾನವಾಗದೆ ಸೂಪರ್ ಲೀಗ್ ಸಕಾಲಕ್ಕೆ ಆರಂಭವಾಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ದೊಡ್ಡ ಹೆಸರಿನವರು ಇಂಥ ತಿಂಗಳುಗಳನ್ನು ಹೇಗೋ ಕಳೆಯಬಲ್ಲರು. ಈಗಷ್ಟೇ ಕರಾರಿಗೆ ಸಹಿ ಹಾಕಿ ಮನೆಗೆ ಮೊದಲ ದುಡ್ಡು ಕಳಿಸುತ್ತಿರುವ ಹತ್ತೊಂಬತ್ತರ ಹುಡುಗನ ಪಾಡು ಬೇರೆ.

ಈ ತೊಡಕಿಗೆ ಪರಿಹಾರ ಎರಡು ಕಡೆಯಿಂದ ಬರಬೇಕು. ಒಂದು, ಹುಡುಗನಿಗೆ ಆಟದ ಜೊತೆ ಓದೂ ಸಿಗಬೇಕು. ಕಾಲು ಸೋತರೆ ತಲೆ ಕೈಹಿಡಿಯುವಂತಿರಬೇಕು. ಎರಡು, ಕ್ಲಬ್ಬು ಸಿದ್ಧ ಆಟಗಾರರನ್ನು ತರುವುದರ ಜೊತೆಗೆ ತಾನೇ ಆಟಗಾರರನ್ನು ಬೆಳೆಸಬೇಕು. ಎರಡನೆಯದರ ಕುರುಹುಗಳು ಕಾಣಿಸಿವೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕ್ಲಬ್ಬು ವಸತಿ ಅಕಾಡೆಮಿಯನ್ನು ನಡೆಸಿತು. ಮಣಿಪುರದ ರೋಷನ್ ಸಿಂಗ್ ಅವರಂಥವರು ಕ್ಲಬ್ಬಿನ ಕಿರಿಯರ ತಂಡದಿಂದಲೇ ಮೇಲೆ ಬಂದರು. ೨೦೨೨ರ ಸೆಪ್ಟೆಂಬರ್ ೧೮ರಂದು ಕಲ್ಕತ್ತೆಯಲ್ಲಿ ಮುಂಬಯಿ ತಂಡವನ್ನು ೨-೧ರಿಂದ ಸೋಲಿಸಿ ಡ್ಯೂರಾಂಡ್ ಕಪ್ ಗೆದ್ದಾಗ ಮೊದಲ ಗೋಲು ಹೊಡೆದವರು ತಮಿಳುನಾಡಿನ ತರುಣ ಶಿವಶಕ್ತಿ ನಾರಾಯಣನ್. ದೊಡ್ಡ ಹೆಸರುಗಳ ನಡುವೆ ಎಳೆಯರಿಗೆ ಸ್ಥಾನ ಕೊಟ್ಟರೂ ಗೆಲ್ಲಬಹುದು ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ನಾಡಿನಲ್ಲಿ ಆಟಗಾರರ ಬರ ಇಲ್ಲವೆಂಬುದಕ್ಕೂ ಸಾಕ್ಷಿಯಿದೆ. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಕೊನೆಯದಾಗಿ ಗೆದ್ದು ೫೪ ವರ್ಷಗಳಾಗಿದ್ದವು.

ಇನ್ನೊಂದು ಸಂಗತಿ ೨೦೨೪ರ ಸೆಪ್ಟೆಂಬರ್ ೧೪ರದು. ಸೂಪರ್ ಲೀಗಿನ ಹೊಸ ಸಾಲಿನಲ್ಲಿ ಬೆಂಗಳೂರಿನ ಮೊದಲ ಪಂದ್ಯ, ಕಂಠೀರವ ಕ್ರೀಡಾಂಗಣ, ಎದುರಾಳಿ ಈಸ್ಟ್ ಬೆಂಗಾಲ್. ಪಂದ್ಯದ ಒಂದೇ ಗೋಲನ್ನು ಹೊಡೆದು ಬೆಂಗಳೂರನ್ನು ಗೆಲ್ಲಿಸಿದವರು ಹತ್ತೊಂಬತ್ತು ವರ್ಷದ ವಿನಿತ್ ವೆಂಕಟೇಶ್, ಬೆಂಗಳೂರಿನ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವರು. ಎಪ್ಪತ್ತೈದು ವರ್ಷಗಳ ಹಿಂದೆ ಅಹಮದ್ ಖಾನರು ಇದೇ ಊರನ್ನು ಬಿಟ್ಟು ಸೇರಿದ್ದು ಇದೇ ಈಸ್ಟ್ ಬೆಂಗಾಲನ್ನು. ಖಾನರು ೨೦೧೭ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡಿದ್ದರು. ಅವರ ಕಾಲಕ್ಕೆ ಇಲ್ಲದಿದ್ದ ಒಂದು ಅನುಕೂಲ ಈ ಹುಡುಗನಿಗೆ ಸಿಕ್ಕಿತು: ಮನೆಯಿಂದ ಹೊರಟು ಅದೇ ಸಂಜೆ ಮನೆಗೆ ಮರಳಬಹುದಾದಷ್ಟು ಹತ್ತಿರದಲ್ಲಿ ವೃತ್ತಿಯ ಆಟ.

ಆದುದರಿಂದ ಪಂದ್ಯದ ವರದಿಯನ್ನು ಆಲಿಸುವಾಗ ಗೋಲುಗಳ ಸಂಖ್ಯೆಯ ಜೊತೆಗೆ ಹೆಸರುಗಳ ಕಡೆಗೂ ಸ್ವಲ್ಪ ಕಿವಿಗೊಡಬೇಕು. ಮಣಿಪುರದ, ಪಂಜಾಬಿನ, ಸ್ಪೇನಿನ ಹೆಸರುಗಳು ಬರಲಿ. ನಮ್ಮವರು ಕಲ್ಕತ್ತೆಯಲ್ಲಿ ಉಂಡ ಪ್ರೀತಿಯನ್ನು ಇವರಿಗೆ ಇಲ್ಲಿ ಉಣಬಡಿಸೋಣ. ಆ ಹನ್ನೊಂದರ ನಡುವೆ ಬೆಂಗಳೂರಿನ ಒಂದು ಹೆಸರು, ಧಾರವಾಡದ ಒಂದು ಹೆಸರು, ಆಗೀಗಲಾದರೂ ಮಲೆನಾಡಿನ ಒಂದು ಹೆಸರು ಕೇಳಿಬರುತ್ತದೆಯೇ ಎಂದೂ ನೋಡುತ್ತಿರೋಣ. ಹಾಗೆ ಕೇಳಿಬರಬೇಕಾದರೆ ಕ್ಲಬ್ಬು ಮಾಡಬೇಕಾದದ್ದು ಸ್ವಲ್ಪ, ಶಾಲೆಗಳು ಮಾಡಬೇಕಾದದ್ದು ಬಹಳ: ಮಳೆ ನಿಂತ ಕೂಡಲೇ ಮಕ್ಕಳಿಗೆ ಒಂದು ಮೈದಾನ, ಒಂದು ಚೆಂಡು, ಆಟ ಬಲ್ಲ ಒಬ್ಬ ಮೇಷ್ಟ್ರು.